ತಡವಾಗಿ ಬರೆದ ಶನಿವಾರದ ಸಾಲು

ಕಳೆದ ವಾರ ಆದಿ ಉಡುಪಿಯ ಅಂಗಡಿಯೊಂದರಲ್ಲಿ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್ ಕಂಡೆ. ಅಂಗಡಿಯವನು ಅದನ್ನು ಕೆತ್ತಿ ತೋರಿಸಿದ. ಆ ಮರದ ವಾಸನೆಗೆ ಮಣಿಪಾಲದ ಕೋಣೆಯೊಂದು ನೆನಪಾಯಿತು... ಅಲ್ಲಿದ್ದ ಟೀಚರ್ ಕೂಡ. ಅವರು ಯಾವ ಶಾಲೆಯ ಟೀಚರೂ ಅಲ್ಲ. ನಾವು ಬರೆದದ್ದನ್ನು ದಿನಾ ನೋಡಿ ತಪ್ಪು ಹಿಡಿಯುತ್ತಾರೆಂದು ನಾನೇ ಸಿಟ್ಟಿನಿಂದ ಇಟ್ಟ ಹೆಸರು ಅದು.

ಪುಸ್ತಕಗಳ ಪುಟ ಸಿದ್ಧಪಡಿಸುವ ಸಣ್ಣ ಸಂಸ್ಥೆಯ ಕೋಣೆ ಅದು. ನಾನು ಹೈಸ್ಕೂಲು ಮುಗಿಸಿ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವನು. ಐವತ್ತರ ಹತ್ತಿರ ಕಂಪ್ಯೂಟರ್ ಕಲಿತು ಅಲ್ಲಿ ಸೇರಿದ್ದೆ. ಕಾಪುವಿನ ಮನೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಟೀಚರ್ ನನಗಿಂತ ಹದಿನೈದು ವರ್ಷ ಚಿಕ್ಕವರು, ಆದರೆ ನನ್ನ ಕೆಲಸ ನೋಡಿಕೊಳ್ಳುವವರು. ಕಾರ್ಕಳದಿಂದ ಬರುತ್ತಿದ್ದರು.

ಕಂಪ್ಯೂಟರಿನಲ್ಲಿ ಪ್ರತಿ ಪುಸ್ತಕಕ್ಕೂ ಒಂದು ಮೂಲ ಪ್ರತಿ, ಅದರಿಂದ ಕವಲೊಡೆದ ಇನ್ನೊಂದು ಪ್ರತಿ ಇರುತ್ತಿತ್ತು. ಕವಲಿಗೆ ಬ್ರಾಂಚ್ ಎನ್ನುತ್ತಿದ್ದೆವು. ತಿದ್ದುವುದು ಬ್ರಾಂಚಿನಲ್ಲಿ, ಸರಿ ಎಂದಾದ ಮೇಲೆ ಮೂಲಕ್ಕೆ ಸೇರಿಸುವುದು, ಅಂದರೆ ಮರ್ಜ್. ಯಾರು ಯಾವಾಗ ಫೈಲು ಬದಲಿಸಿದರೆಂದು ಆಗಿನ ಸಾಫ್ಟ್‌ವೇರ್ ಹೇಳುತ್ತಿತ್ತು. ಬ್ರಾಂಚಿನ ಯಾವ ತಿದ್ದುಪಡಿ ಮೂಲಕ್ಕೆ ಬಂದಾಗಿದೆ ಎಂಬ ನೆನಪು ಮಾತ್ರ ಅದಕ್ಕಿರಲಿಲ್ಲ. ಆ ನೆನಪಿಗೆ ಟೀಚರ್ ಒಂದು ಉದ್ದ ಲೆಕ್ಕದ ಪುಸ್ತಕ ಇಟ್ಟಿದ್ದರು. ಅಂಥದೇ ಎರಡು ಬಣ್ಣದ ಪೆನ್ಸಿಲಿನಲ್ಲಿ ತಿದ್ದಿದ್ದಕ್ಕೆ ಕೆಂಪು, ಮೂಲಕ್ಕೆ ಸೇರಿಸಿದ್ದಕ್ಕೆ ನೀಲಿ. ಸೇರಿಸಿದ ಕೂಡಲೇ ಬರೆಯಬೇಕು.

ನನಗೆ ಅದು ಕಿರಿಕಿರಿ. "ಎಲ್ಲ ನನ್ನ ತಲೆಯಲ್ಲಿ ಉಂಟು ಟೀಚರ್" ಎನ್ನುತ್ತಿದ್ದೆ.

"ನಿಮ್ಮ ತಲೆ ರಾತ್ರಿ ಕಾಪುಗೆ ಹೋಗ್ತದಲ್ಲ ಅಣ್ಣ. ಪುಸ್ತಕ ಇಲ್ಲೇ ಇರ್ತದೆ" ಎಂದು ಅವರು ನಗುತ್ತಿದ್ದರು.

ಒಂದು ಶನಿವಾರ ಬಸ್ಸು ತಪ್ಪುತ್ತದೆಂದು, ನರ್ಸಿಂಗ್ ವಿದ್ಯಾರ್ಥಿಗಳ ಪುಸ್ತಕದ ಹನ್ನೆರಡು ತಿದ್ದುಪಡಿ ಮರ್ಜ್ ಮಾಡಿ, ಬರೆಯದೆ ಓಡಿದೆ. ಸೋಮವಾರ ಟೀಚರ್ ಲೆಕ್ಕದ ಪುಸ್ತಕ ನೋಡಿದರು. ಅಲ್ಲಿ ನೀಲಿ ಸಾಲು ಇಲ್ಲ, ಹಾಗಾಗಿ ಅವರೂ ಅವನ್ನೇ ಮರ್ಜ್ ಮಾಡಿದರು. ಔಷಧಿಗಳ ಪಟ್ಟಿಯಲ್ಲಿ ಪ್ರಮಾಣದ ಒಂದು ಸಾಲು ಮಾತ್ರ ಎರಡು ಸಲ ಸೇರಿತು. ಕೆಳಗಿನ ಪ್ರಮಾಣಗಳೆಲ್ಲ ಜಾರಿ ಬೇರೆ ಬೇರೆ ಔಷಧಿಯ ಎದುರು ಕುಳಿತವು. ಯಾರಿಗೂ ಕಾಣಲಿಲ್ಲ. ಅಚ್ಚಾಗಿ ಬಂದ ಮೇಲೆ ಕಂಡಿತು.

ಸುದ್ದಿ ಬಂದ ದಿನ ಟೀಚರ್ ಊಟಕ್ಕೆ ಹೋಗಿದ್ದರು. ನಾನು ಅವರ ಲೆಕ್ಕದ ಪುಸ್ತಕ ತೆರೆದೆ. ಅವರು ಪ್ರತಿ ಸೋಮವಾರ ಹೊಸ ಪುಟ ಆರಂಭಿಸುವವರು. ನಾನು ಬರೆಯದೆ ಬಿಟ್ಟ ವಾರದ ಪುಟದ ಕೆಳಗೆ ಜಾಗ ಇತ್ತು. ಅವರದೇ ಪೆನ್ಸಿಲಿನಲ್ಲಿ, ನೀಲಿ ತುದಿಯಲ್ಲಿ, ಆ ಶನಿವಾರದ ತಾರೀಕು ಹಾಕಿ, ಹನ್ನೆರಡೂ ಸೇರಿಸಿದೆ ಎಂದು ಬರೆದೆ.

"ಇಲ್ಲಿ ಬರೆದದ್ದು ಉಂಟಲ್ವಾ ಮೇಡಂ? ನೋಡದೆ ಮಾಡಿದ್ದಾ?" ಎಂದರು ಮ್ಯಾನೇಜರ್, ಟೀಚರ್ ಊಟದಿಂದ ಬಂದ ಮೇಲೆ ಆ ಸಾಲು ತೋರಿಸಿ.

"ನಾನು ನೋಡಿದ್ದೇನೆ ಸರ್. ಈ ಸಾಲು ಇರಲಿಲ್ಲ." ಟೀಚರ್ ನನ್ನ ಕಡೆ ತಿರುಗಿದರು. "ಅಣ್ಣ, ನೀವೇ ಹೇಳಿ. ಇತ್ತಾ?"

"ಶನಿವಾರವೇ ಬರೆದಿದ್ದೆನಲ್ಲ" ಎಂದೆ.

ಮ್ಯಾನೇಜರ್ ಆ ಲೆಕ್ಕದ ಪುಸ್ತಕವನ್ನು ಟೀಚರ್ ಕೈಯಿಂದ ತೆಗೆದು ನನ್ನ ಮೇಜಿಗೆ ಕೊಟ್ಟರು. ಎರಡು ತಿಂಗಳಲ್ಲಿ ಟೀಚರ್ ಕೆಲಸ ಬಿಟ್ಟರು. ಆಮೇಲೆ ಬಂದ ಸಾಫ್ಟ್‌ವೇರ್ ಯಾವುದು ಸೇರಿದೆ, ಯಾವುದು ಇಲ್ಲ ಎಂದು ತಾನೇ ಲೆಕ್ಕ ಇಡತೊಡಗಿತು. ಇದು ಸ್ವಲ್ಪ ಮೊದಲೇ ಬರಬಾರದಿತ್ತೇ ಎಂದು ಎಷ್ಟೋ ಸಲ ಹಲ್ಲು ಕಡಿದಿದ್ದೇನೆ. ಯಂತ್ರದ ಮೇಲೆ ಸಿಟ್ಟು ಮಾಡುವುದು ಸುಲಭ.

ಮೊನ್ನೆ ಕಾರ್ಕಳಕ್ಕೆ ಹೋಗಿ, ವಿಚಾರಿಸಿ ವಿಚಾರಿಸಿ ಮನೆ ಹುಡುಕಿದೆ. ಅವರ ಅಣ್ಣ ಇದ್ದರು. ಟೀಚರ್ ತೀರಿಕೊಂಡು ಮೂರು ವರ್ಷವಾಯಿತಂತೆ.

"ಆ ಸಾಲು ಇರಲಿಲ್ಲ, ಇರಲಿಲ್ಲ ಅಂತ ಕೊನೆವರೆಗೂ ಹೇಳ್ತಿದ್ದಳು ಮಾರಾಯ್ರೇ. ತಪ್ಪು ಎಲ್ಲರಿಗೂ ಆಗ್ತದೆ, ಬಿಟ್ಟುಬಿಡು ಅಂತ ನಾವೇ ಬೈತಿದ್ದೆವು."

ಇರಲಿಲ್ಲ, ನಾನು ಆಮೇಲೆ ಬರೆದದ್ದು ಎಂದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಒಳಗಿದ್ದ ಹೆಂಡತಿಯನ್ನು ಕರೆದರು. "ಇಲ್ಲಿ ಬಾ. ಇವರು ಎಂತ ಹೇಳ್ತಾರೆ ಕೇಳು."

ಆಕೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಮೊದಲಿನಿಂದ ಇನ್ನೊಮ್ಮೆ ಹೇಳಿದೆ. ಕೇಳಬೇಕಾಗಿದ್ದವರು ಮಾತ್ರ ಆ ಮನೆಯಲ್ಲಿ ಇರಲಿಲ್ಲ.