ಲಂಡನ್ ಬಿಟ್ಟು ಓಲ್ಡ್‌ಹ್ಯಾಮಿಗೆ

ಇವತ್ತು ಮಧ್ಯಾಹ್ನ ನಮ್ಮ ಮನೆಯಲ್ಲಿ ಕೋಸು ಅತಿಯಾಗಿ ಬೆಂದಿತು. ಹೆಂಡತಿ ಪಕ್ಕದ ಮನೆಯವರೊಡನೆ ಮಾತಿಗೆ ನಿಂತಿದ್ದಳು; ಒಲೆಯ ಮೇಲಿನ ಪಾತ್ರೆ ಅದರ ಪಾಡಿಗೆ ಅದು ಕುದಿಯಿತು. ಒಳಗೆ ಬಂದವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಪಡಸಾಲೆಯಲ್ಲಿ ಕುಳಿತು ಆ ವಾಸನೆಯನ್ನು ಸಾವಕಾಶವಾಗಿ ಒಳಗೆ ಎಳೆದುಕೊಂಡೆ. ನಿಮಗೆ ನಗು ಬರಬಹುದು. ಆದರೆ ಹನ್ನೊಂದು ತಿಂಗಳು ದಿನಕ್ಕೊಮ್ಮೆಯಾದರೂ ಬೆಂದ ಕೋಸು ತಿಂದವನಿಗೆ ಅದು ಬರೀ ಅಡಿಗೆಯ ವಾಸನೆಯಲ್ಲ, ಒಂದು ಊರಿನ ವಾಸನೆ.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಪುಣೆಯಲ್ಲಿ ಓದು ಮುಗಿಸಿ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ್ದೆ. ನಮ್ಮ ಜೈನ ಸಮಾಜದ ದತ್ತಿಯೊಂದರಿಂದ, ನೂಲಿನ ವಿದ್ಯೆ ಕಲಿಯಲು ಒಂದು ವರ್ಷ ವಿಲಾಯತಿಗೆ ಹೋಗುವ ಅವಕಾಶ ಸಿಕ್ಕಿತು. ಯಾವ ಊರಿನಲ್ಲಿದ್ದು ಕಲಿಯುತ್ತೀರಿ, ತಿಳಿಸಿರಿ ಎಂದು ದತ್ತಿಯವರು ಬರೆದಿದ್ದರು. ನನ್ನನ್ನು ಸಾಕಿ ಬೆಳೆಸಿದವರು ಪಾಯಪ್ಪ ಕಾಕಾ, ಮೂಡಲಗಿಯಲ್ಲಿ ಅರಳೆಯ ವ್ಯಾಪಾರಿ. ನಾನು ಆ ಕಾಗದ ಓದಿ ಮಡಚುವುದರೊಳಗೆ ಅವರು ಊರು ಆರಿಸಿ, ಪೇಟೆಗೆಲ್ಲ ಸುದ್ದಿ ಮುಟ್ಟಿಸಿ ಬಂದಿದ್ದರು. ನಾನು ಬೇರೆ ಊರುಗಳ ಹೆಸರು ಎತ್ತಿದಾಗ ಕೈಯಾಡಿಸಿದರು.

“ಲಂಡನ್ ಅಂದ್ರ ಮಂದಿಗೆ ತಿಳೀತೈತಿ. ನೀ ಹೇಳೋ ಊರಿನ ಹೆಸರು ಹೇಳಿದ್ರ, ಅದು ಯಾವ ತಾಲೂಕಾ ಅಂತ ಕೇಳ್ತಾರ. ಮತ್ತ ಅಲ್ಲಿ ನಮ್ಮ ಕಡೀ ಹುಡುಗರು ಅದಾರ, ಉಣ್ಣಾಕ ತ್ರಾಸ ಇಲ್ಲ.”

ಬೇರೆ ಊರಿನ ಹೆಸರು ನನ್ನ ತಲೆಯಲ್ಲಿ ಹಾಕಿದವರು ಗಿರಣಿಯ ಫಿಟ್ಟರ್ ರುದ್ರಪ್ಪ ಮೇಸ್ತ್ರಿ. ಒಂದು ದಿನ ಅವರು ನನ್ನನ್ನು ಯಂತ್ರವೊಂದರ ಹಿಂದಕ್ಕೆ ಕರೆದೊಯ್ದು, ಅದರ ಮೈಮೇಲಿನ ಎರಕದ ಅಕ್ಷರಗಳ ಮೇಲಿದ್ದ ಎಣ್ಣೆ ಒರೆಸಿ, ಓದು ಎಂದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

“ಓಲ್ಡ್‌ಹ್ಯಾಮ್,” ಎಂದೆ. ಇಂಗ್ಲೆಂಡಿನಲ್ಲಿ ಆ ಯಂತ್ರ ತಯಾರಾದ ಊರು ಅದು.

“ಅಲ್ಲಿಗೆ ಹೋಗು ತಮ್ಮಾ. ಮಷಿನ್ ಬಗ್ಗೆ ಹೇಳಾವ್ರು ಲಂಡನ್‌ದಾಗ ಸಿಗ್ತಾರ. ಮಷಿನ್‌ದಾಗ ಕೈ ಇಟ್ಟು ಬೆರಳ ಕಳಕೊಂಡಾವ್ರು ಆ ಊರಾಗ ಸಿಗ್ತಾರ.”

ಮಾತು ಖರೆ ಎನಿಸಿತು. ಆದರೂ ಕಾಕಾನ ಮುಂದೆ ನಿಂತು ಹೇಳುವ ಧೈರ್ಯ ನನಗಿರಲಿಲ್ಲ. ಅರ್ಜಿಯಲ್ಲಿ ಲಂಡನ್ ಎಂದೇ ಬರೆದೆ.

ಲಂಡನ್ನಿನಲ್ಲಿ ನಾನು ಮೂರು ವಾರ ಸುಖವಾಗಿದ್ದೆ. ಕೊಲ್ಹಾಪುರ, ಸಾಂಗ್ಲಿ ಕಡೆಯ ಐದಾರು ವಿದ್ಯಾರ್ಥಿಗಳು ಒಂದೇ ಮನೆಯಲ್ಲಿದ್ದರು. ಊಟಕ್ಕೆ ಕಡಲೆಹಿಟ್ಟಿನ ಝುಣಕಾ ಆಗುತ್ತಿತ್ತು, ಮರಾಠಿಯಲ್ಲಿ ರಾಜಕೀಯದ ಜಗಳವೂ ಆಗುತ್ತಿತ್ತು. ತರಗತಿಯಲ್ಲಿ ಯಂತ್ರದ ಚಿತ್ರ ತೋರಿಸಿ ಪಾಠ ಹೇಳುತ್ತಿದ್ದರು. ಒಂದು ಭಾನುವಾರ ಲೆಕ್ಕ ಹಾಕಿ ನೋಡಿದರೆ, ಅಷ್ಟು ದಿನದಲ್ಲಿ ತರಗತಿಯ ಹೊರಗೆ ನಾನು ಆಡಿದ ಇಂಗ್ಲಿಷೆಲ್ಲ ಅಂಚೆಚೀಟಿ ಕೊಳ್ಳುವಷ್ಟು. ಇದಕ್ಕಾಗಿ ಇಷ್ಟು ಸಮುದ್ರ ದಾಟಬೇಕಿತ್ತೇ ಎಂದು ನಾಚಿಕೆಯಾಯಿತು. ಸೋಮವಾರ ಹೋಗಿ ಓಲ್ಡ್‌ಹ್ಯಾಮಿನ ನೂಲಿನ ಶಾಲೆಗೆ ವರ್ಗಾವಣೆ ಕೇಳಿಕೊಂಡೆ. ಕಾಕಾನಿಗೂ ಬರೆದು ತಿಳಿಸಿದೆ. ಸಾವಿರಾರು ಮೈಲಿ ದೂರದಿಂದ ಧೈರ್ಯ ಮಾಡುವುದು ಸುಲಭ. ಉತ್ತರ ಎರಡೇ ಸಾಲಿನದು: “ನೀ ಎಲ್ಲೆರೆ ಇರು, ನಾ ಮಂದಿಗೆ ಲಂಡನ್ ಅಂತನ ಹೇಳಾಂವ. ಹೊತ್ತ ಮುಳಗಿದ ಮ್ಯಾಲ ಉಣಬ್ಯಾಡ.”

ಓಲ್ಡ್‌ಹ್ಯಾಮಿನಲ್ಲಿ ಚಿಮಣಿಗಳನ್ನು ಎಣಿಸಲಾರದೆ ಸೋತೆ. ಆದರೆ ಎಷ್ಟೋ ಚಿಮಣಿಗಳಲ್ಲಿ ಹೊಗೆಯಿರಲಿಲ್ಲ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. ಅವರ ಬಟ್ಟೆಯನ್ನು ನಾವು ಕೊಳ್ಳುವುದು ಬಿಟ್ಟಿದ್ದೆವು, ನಮ್ಮ ನೂಲನ್ನು ನಾವೇ ತೆಗೆಯುತ್ತಿದ್ದೆವು. ಪತ್ರಿಕೆಯಲ್ಲಿ ಇದನ್ನೆಲ್ಲ ಹೆಮ್ಮೆಯಿಂದ ಓದಿದ್ದೆ. ಆದರೆ ಆ ಸುದ್ದಿಯ ಇನ್ನೊಂದು ತುದಿಯಲ್ಲಿ ಇಂಥ ಬೀದಿಗಳಿರುತ್ತವೆ ಎಂದು ಯೋಚಿಸಿರಲಿಲ್ಲ.

ನನಗೆ ಕೋಣೆ ಕೊಟ್ಟವರು ಹೋಲ್ಟ್ ದಂಪತಿಗಳು. ಅವರ ಇಂಗ್ಲಿಷ್ ಪುಸ್ತಕದ್ದಲ್ಲ. ಗೋಕಾಕದ ಕನ್ನಡದಂತೆ ಅಕ್ಷರ ನುಂಗಿ, ಗಟ್ಟಿಯಾಗಿ ಆಡುವ ಮಾತು. ಅದಕ್ಕೇ ಅದು ನನ್ನ ನೆನಪಿನಲ್ಲಿ ನಮ್ಮ ಮಾತಾಗಿಯೇ ಉಳಿದಿದೆ, ಹಾಗೆಯೇ ಬರೆಯುತ್ತೇನೆ. ಮಾಂಸ ಮುಟ್ಟದ, ಹೊತ್ತು ಮುಳುಗಿದ ಮೇಲೆ ಉಣ್ಣದ ಮನುಷ್ಯನನ್ನು ಆ ತಾಯಿ ಹಿಂದೆ ಕಂಡಿರಲಿಲ್ಲ. ಅಲ್ಲಿ ಚಳಿಗಾಲದಲ್ಲಿ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಆಕೆ ಮೊದಲ ದಿನವೇ, ಎರಡನೆಯ ಸಲ ಕೇಳದೆ, ಮೂರೂವರೆಗೆ ಕೋಸು, ಆಲೂಗಡ್ಡೆ, ಬ್ರೆಡ್ಡು ತಂದಿಟ್ಟರು.

ಹೋಲ್ಟರು ಎದುರಿಗೆ ಕುಳಿತಿದ್ದರು. ಇಪ್ಪತ್ತಾರು ವರ್ಷ ನೂಲು ತೆಗೆದವರು, ಈಗ ಎರಡು ವರ್ಷದಿಂದ ಮನೆಯಲ್ಲಿ.

“ನಿಮ್ಮೂರಾಗ ಗಿರಣಿ ಐತೇನು?”

“ಐತ್ರಿ.”

“ನಡದೈತೇನು?”

ಸುಳ್ಳು ಹೇಳಬಹುದಿತ್ತು. “ಹಗಲೂ ರಾತ್ರಿ ನಡದೈತ್ರಿ. ಜಲಪಾತದ ನೀರಿನ ಜೋರಿನ ಮ್ಯಾಲ.”

“ಮಷಿನ್ ಎಲ್ಲೀವು?”

“ಇದ ಊರಿನೂವು.”

ಅವರು ಎದ್ದು, ಟೋಪಿ ಹಾಕಿಕೊಂಡು ಹೊರಗೆ ನಡೆದರು. ಆ ತಾಯಿ ಪಾತ್ರೆ ತೊಳೆಯತೊಡಗಿದರು. ನಾನು ಮೇಲೆ ಹೋಗಿ ಪೆಟ್ಟಿಗೆ ಕಟ್ಟಿದೆ. ಬೇಡದ ಊರಿಗೆ ಬೇಡದವನಾಗಿ ಬಂದೆ, ಕಾಕಾ ಹೇಳಿದಂತೆ ಕೇಳಬೇಕಿತ್ತು ಎನಿಸಿತು.

ಬೆಳಿಗ್ಗೆ ಪೆಟ್ಟಿಗೆ ಹಿಡಿದು ಕೆಳಗಿಳಿದರೆ ಹೋಲ್ಟರು ಮೆಟ್ಟಿಲ ಬುಡದಲ್ಲೇ ನಿಂತಿದ್ದರು.

“ಪೆಟಿಗಿ ಯಾಕ ತಂದಿ?”

“ನಾ ಇಲ್ಲಿದ್ರ ನಿಮಗ ಬ್ಯಾಸರ ಆಗ್ತೈತ್ರಿ.”

“ಬ್ಯಾಸರ ಐತಿ. ಆದ್ರ ಗಿರಣಿ ಬಂದ್ ಮಾಡಿದಾಂವ ನೀ ಅಲ್ಲಲ್ಲ. ಕಲಿಯಾಕ ಬಂದೀಯೇನು? ಕೈ ತೋರಸು.”

ತೋರಿಸಿದೆ. ನನ್ನ ಅಂಗೈ ತಿರುವಿ ನೋಡಿ, “ಇವು ಬರಿಯೋ ಕೈ,” ಎಂದರು. ಮೇಜಿನ ಡ್ರಾದಿಂದ ಒಂದು ನೂಲಿನ ಸುರುಳಿ ತೆಗೆದು, ಎಳೆ ಹರಿದು, ಹರಿದ ಎರಡು ತುದಿಗಳನ್ನು ಬೆರಳಲ್ಲಿ ಸವರಿದರು. ಗಂಟಿಲ್ಲದೆ ಕೂಡಿಕೊಂಡವು. ಎಲ್ಲಿ ಹರಿದಿತ್ತೆಂದು ನಾನು ಹುಡುಕಿದರೂ ಸಿಗಲಿಲ್ಲ.

ಅಂದಿನಿಂದ ಶಾಲೆ ಮುಗಿಸಿ ಬಂದ ಮೇಲೆ ಅಡಿಗೆಮನೆಯ ಮೇಜಿನ ಮುಂದೆ ದಿನಕ್ಕೊಂದು ತಾಸು ನನ್ನ ಪಾಠ. ಬೈಗುಳಕ್ಕೆ ಕೊರತೆಯಿರಲಿಲ್ಲ. ಕ್ರಿಸ್‌ಮಸ್ಸಿನ ಹೊತ್ತಿಗೆ ಹತ್ತರಲ್ಲಿ ನಾಲ್ಕು ಎಳೆ ಕೂಡಿದವು, ಮಾರ್ಚಿನ ಹೊತ್ತಿಗೆ ಕಣ್ಣು ಮುಚ್ಚಿ ಕೂಡಿಸಿದೆ. ಆ ದಿನ ಅವರು ಹೆಂಡತಿಯನ್ನು ಕರೆದು ತೋರಿಸಿದರು. ಕೆಲಸವಿಲ್ಲದ ಆ ಮನೆಯಲ್ಲಿ, ಆ ಒಂದು ತಾಸು ಅವರು ಗಿರಣಿಗೆ ಹೋಗಿ ಬಂದಂತೆ ಇರುತ್ತಿದ್ದರು.

ನಾನು ಹೊರಟಾಗ ಸ್ಟೇಶನ್ನಿಗೆ ಬಂದರು. “ನಮ್ಮ ಗಾಳಿ ಹಸಿ ಐತಿ, ಎಳಿ ನಿಲ್ತೈತಿ. ನಿಮ್ಮ ಬಿಸಲಾಗ ನಿಲ್ತೈತೋ ಇಲ್ಲೋ, ಒಂದ್ ಮಾತ ಬರದ ತಿಳಸು,” ಎಂದರು.

ಗೋಕಾಕಕ್ಕೆ ಮರಳಿ ನೋಡಿದೆ, ಎಳೆ ನಿಂತಿತು. ಬೇಸಿಗೆಯಲ್ಲಿ ನೆಲಕ್ಕೆ ನೀರು ಚಿಮುಕಿಸಬೇಕಾಯಿತು, ಅಷ್ಟೇ. ನನ್ನ ಸಾಲಿನ ಯಂತ್ರಗಳಲ್ಲಿ ಎಳೆ ಹರಿದು ಕೆಲಸ ನಿಲ್ಲುವುದು ಕಡಿಮೆಯಾಯಿತು. ಈ ಕೆಲಸ ಕಲಿಸಲು ನನ್ನ ಹೊರತು ಬೇರೆಯವರು ಬೇಕಿಲ್ಲ ಎಂದು ರುದ್ರಪ್ಪ ಮೇಸ್ತ್ರಿಯೇ ಒಪ್ಪಿದರು. ಆದರೆ ಓಲ್ಡ್‌ಹ್ಯಾಮಿಗೆ ನಾನು ಬರೆಯಲಿಲ್ಲ. ನಿಮ್ಮ ಕೈಚಳಕದಿಂದ ನಮ್ಮ ಗಿರಣಿ ಇನ್ನೂ ಚೆನ್ನಾಗಿ ನಡೆದಿದೆ ಎಂದು ಕೆಲಸ ಕಳೆದುಕೊಂಡವರಿಗೆ ಹೇಗೆ ಬರೆಯುವುದು? ಅವರ ಮನಸ್ಸು ನೋಯಿಸಬಾರದು ಎಂದುಕೊಂಡೆ. ಆಮೇಲೆ ಯುದ್ಧ ಬಂತು, ಅದೊಂದು ನೆಪವಾಯಿತು. ಯುದ್ಧ ಮುಗಿಯಿತು, ದೇಶಕ್ಕೆ ಸ್ವಾತಂತ್ರ್ಯವೂ ಬಂತು, ನನ್ನ ಕಾಗದ ಮಾತ್ರ ಹೋಗಲಿಲ್ಲ.

ಈಗ ಇಷ್ಟನ್ನು ನಿಮ್ಮ ಮುಂದೆ ಹೇಳುವಾಗ ತಿಳಿಯುತ್ತದೆ: ಅದು ಅವರ ಮೇಲಿನ ಕಾಳಜಿಯಲ್ಲ, ನನ್ನ ಅಂಜಿಕೆ. ಖರೆ ಹೇಳಿದ ಮೇಲೂ ನನ್ನನ್ನು ಇಟ್ಟುಕೊಂಡವರಿಗೆ ಮುಂದೆಯೂ ಖರೆ ಮಾತನ್ನು ತಾಳಿಕೊಳ್ಳುವ ಶಕ್ತಿಯಿತ್ತು. ಆ ಊರನ್ನು ನಾನು ಆರಿಸಿದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ನಾನು ಆರಿಸಿದ್ದು ರೈಲಿನ ಟಿಕೆಟ್ಟು ಮಾತ್ರ. ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಇರಗೊಟ್ಟವರು ಹೋಲ್ಟರು.

ಇವತ್ತು ಸಂಜೆ ಕುಳಿತು ಹೋಲ್ಟರಿಗೆ ಕಾಗದ ಬರೆದೆ. ನಮ್ಮ ಬಿಸಿಲು, ನೆಲಕ್ಕೆ ಚಿಮುಕಿಸುವ ನೀರು, ಈ ವರ್ಷ ನನ್ನಿಂದ ಎಳೆ ಕೂಡಿಸಲು ಕಲಿತ ಕೆಲಸಗಾರರ ಹೆಸರು, ಎಲ್ಲವನ್ನೂ ಬರೆದೆ. ಅವರು ಇದ್ದಾರೋ ಇಲ್ಲವೋ ತಿಳಿಯದು. ಇದ್ದರೆ ಬೈದು ಉತ್ತರ ಬರೆಯುತ್ತಾರೆ. ಅದಕ್ಕೇ ಕಾಗದದ ಕೊನೆಗೆ ನನ್ನ ವಿಳಾಸವನ್ನು ದೊಡ್ಡ ಅಕ್ಷರಗಳಲ್ಲಿ, ಒಂದೂ ತಪ್ಪಿಲ್ಲದಂತೆ ಬರೆದಿದ್ದೇನೆ.