ಪೂಜೆಗೆಂದು ಬಂದ್ ಮಾಡಿದ ಇನ್‌ಕ್ಯುಬೇಟರ್

ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ಮುಂಜಾನೆ ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಾಣು ಬೆಳೆಸುವ ಟೆಕ್ನಿಶಿಯನ್ ಆದ ನಾನು, ಗಾಜು ತೊಳೆಯುವ ಹಿರಿಯ ಕಾಕಾ ಇಬ್ಬರೇ ಇದ್ದೆವು. ಬಾಗಿಲಾಚೆ ಬೆಂಚಿನ ಮೇಲೆ ತಾರಿಹಾಳದ ಒಬ್ಬ ಹೆಣ್ಣುಮಗಳು ಕೂತಿದ್ದಳು. ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇಥ್ ನಡೆಸುವ ಅವಳ ಗಂಡ ಮೆದುಳುಜ್ವರದಿಂದ ಮೇಲಿನ ವಾರ್ಡಿನಲ್ಲಿ ಎಚ್ಚರ ತಪ್ಪಿ ಮಲಗಿದ್ದ.

ಆ ಜ್ವರ ತರುವ ಸೂಕ್ಷ್ಮಜೀವಿಗಳ ಮೇಲೆ ನಮ್ಮ ಲ್ಯಾಬಿನ ಮೇಡಂ ಸಂಶೋಧನೆ ನಡೆಸಿದ್ದರು. ಅವನ ಬೆನ್ನುಹುರಿಯ ನೀರನ್ನು ಹಿಂದಿನ ಸಂಜೆ ನಾನೇ ತಟ್ಟೆಗೆ ಸವರಿ ಇನ್‌ಕ್ಯುಬೇಟರಿನಲ್ಲಿ ಇಟ್ಟಿದ್ದೆ. ಮೈಶಾಖದಷ್ಟೇ ಬಿಸಿಯಲ್ಲಿ ರೋಗಾಣು ಬೆಳೆದರೆ, ಅದು ಯಾವ ಔಷಧಿಗೆ ಸಾಯುತ್ತದೆಂದು ತಿಳಿಯುತ್ತಿತ್ತು. ಅಲ್ಲಿಯತನಕ ವಾರ್ಡಿನ ಡಾಕ್ಟರರು ಕೊಡುತ್ತಿದ್ದುದು ಅಂದಾಜಿನ ಔಷಧಿ.

ಕಾಕಾ ಇನ್‌ಕ್ಯುಬೇಟರಿಗೆ ವಿಭೂತಿ ಎಳೆದು ಚೆಂಡುಹೂವಿನ ಮಾಲೆ ಹಾಕಿದ.

"ಇದಿನ್ನೂ ಗುರ್ ಅನ್ನಾಕತ್ತೈತಲ್ರೀ ತಂಗಿ. ಹೂವಾ ಏರಿಸಿದ ಮ್ಯಾಲ ದುಡಸಬಾರದ್ರಿ."

"ಹುಳಾ ಸಾಯ್ತಾವ ಕಾಕಾ."

"ಸಾಯ್ಲಿ ಬಿಡ್ರಿ. ಅವು ಸಾಯ್ಲಂತನ ಹೌದಿಲ್ಲೋ ನೀವು ಪಗಾರ ತಗೊಳ್ಳೂದು!"

ನಕ್ಕೆ. ನಗುತ್ತಲೇ ಗುಂಡಿ ಒತ್ತಿ ಇನ್‌ಕ್ಯುಬೇಟರ್ ಬಂದ್ ಮಾಡಿದೆ. ಪೂಜೆಯ ದಿನ ನಮ್ಮಜ್ಜಿ ಬೀಸುಕಲ್ಲು ಮುಟ್ಟಗೊಡುತ್ತಿರಲಿಲ್ಲ. ಕಾಲೇಜಿನಲ್ಲಿ ಓದಿದ್ದಕ್ಕಿಂತ ಆ ಮಾತೇ ನನ್ನ ಕೈಗೆ ಮೊದಲು ತಿಳಿಯಿತು. ಕರ್ಪೂರ ಆರಿದ ಕೂಡಲೇ ಚಾಲೂ ಮಾಡುವವಳಿದ್ದೆ. ಕಾಯಿ ಒಡೆದೆವು, ಫೇಡೆ ತಿಂದೆವು, ಗುಂಡಿಯ ನೆನಪಿಲ್ಲದೆ ಬೀಗ ಹಾಕಿದೆವು. ಮರುದಿನ ತೆಗೆದಾಗ ತಟ್ಟೆ ಕೈಗೆ ತಣ್ಣಗೆ ಹತ್ತಿತು.

ಮತ್ತೆ ಶಾಖ ಕೊಟ್ಟು ಎರಡು ದಿನ ಕಾದೆ. ಏನೂ ಬೆಳೆಯಲಿಲ್ಲ. ಇನ್ನೊಮ್ಮೆ ನೀರು ತೆಗೆದೂ ಫಾಯದೆ ಇರಲಿಲ್ಲ. ಅಂದಾಜಿನ ಔಷಧಿ ಆಗಲೇ ಮೈಗೇರಿತ್ತು. ಮೇಡಂ ಕೇಳಿದಾಗ "ಕರೆಂಟ್ ಹೋಗಿತ್ರಿ" ಅಂದೆ. ವರದಿಯಲ್ಲಿ ಬರೆದದ್ದು ಒಂದೇ ಸಾಲು: ಬೆಳವಣಿಗೆ ಇಲ್ಲ.

ಅದನ್ನು ಓದಿಸಿಕೊಂಡ ಬೆಂಚಿನ ಮೇಲಿನ ಹೆಣ್ಣುಮಗಳ ಮುಖ ಅರಳಿತು.

"ಏನೂ ಬೆಳದಿಲ್ಲಂದ್ರ ಅವರ ತಲ್ಯಾಗ ಹುಳಾ ಇಲ್ಲಂದಂಗಾತಲ್ರಿ ಅಕ್ಕಾರ?"

ಸೆರಗಿನ ಗಂಟಿನಿಂದ ಬಾಡಿದ ಬನ್ನಿ ಎಲೆ ತೆಗೆದು ನನ್ನ ಅಂಗೈಯಲ್ಲಿಟ್ಟಳು. "ತಗೋರಿ, ಬಂಗಾರದಂಗ ಇರೂಣು."

ಎಲೆ ತಗೊಂಡೆ, ಪಾಪಿ.

ಜ್ವರ ಇಳಿಯದ್ದಕ್ಕೆ ಐದನೆಯ ದಿನ ಡಾಕ್ಟರರು ಔಷಧಿ ಬದಲಿಸಿದರು. ಅವನಿಗೆ ಎಚ್ಚರವಾಯಿತು, ಆದರೆ ಎರಡೂ ಕಿವಿ ಹೋಗಿದ್ದವು. ಮೊದಲೇ ಸರಿಯಾದ ಔಷಧಿ ಸಿಕ್ಕಿದ್ದರೆ ಉಳಿಯುತ್ತಿದ್ದವೋ ಏನೋ, ಯಾರೂ ಖಚಿತ ಹೇಳಲಿಲ್ಲ. ನಾನೂ ಕೇಳಲಿಲ್ಲ. ಲೇಥಿನಲ್ಲಿ ಉಳಿ ಕಬ್ಬಿಣವನ್ನು ಕಚ್ಚಿತೋ ಇಲ್ಲವೋ ಎನ್ನುವುದನ್ನು ಸದ್ದಿನಿಂದಲೇ ಹಿಡಿಯಬೇಕಂತೆ. ದೀಪಾವಳಿ ಮುಗಿದ ಮೇಲೆ ಕಾರ್ಖಾನೆಯವರು ಅವನನ್ನು ಪ್ಯಾಕಿಂಗಿಗೆ ಹಾಕಿದರು.