ಹಿಡಿತದ ಅಂದಾನಪ್ಪ

ಎಕ್ಕಂಬಿಯ ನಶ್ಯದಂಗಡಿಯ ಅಂದಾನಪ್ಪನವರು ತಾವು ಮಾತ್ರ ನಶ್ಯ ಏರಿಸುವುದಿಲ್ಲ. ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ವರ್ಷ ಅವರೂ ನಶ್ಯ ಬಿಟ್ಟರು, ಅಂಗಡಿ ಬಿಡಲಿಲ್ಲ. ದಿನವಿಡೀ ಡಬ್ಬಿ ತೆರೆದಿಟ್ಟುಕೊಂಡು, ಆ ಘಾಟಿಗೆ ಗಿರಾಕಿಗಳೆಲ್ಲ ಸೀನುತ್ತಿದ್ದರೂ ಮೂಗರಳಿಸದೆ ಕೂತಿರುತ್ತಾರೆ. ಚಹಾ ತರಿಸಿದರೆ ಎದುರಿಗಿಟ್ಟುಕೊಂಡು ನೋಡುತ್ತಾ, ಕೆನೆಗಟ್ಟಿ ತಣ್ಣಗಾದ ಮೇಲೆಯೇ ಕುಡಿಯುತ್ತಾರೆ. ಯಾರಾದರೂ ಸಂಯಮ, ನಿಗ್ರಹ ಎಂದು ಹೊಗಳಿದರೆ, "ಅವೆಲ್ಲ ಪುರಾಣದ ಮಾತು ಬಿಡ್ರಿ. ಹಿಡಿತ ಅನ್ರಿ, ಹಿಡಿತ! ಮನಸ್ಸು ಹಿಂಗ ಕೈಯಾಗ ಇರಬೇಕು," ಎಂದು ಬಲಗೈ ಮುಷ್ಟಿ ಬಿಗಿದು ತೋರಿಸುತ್ತಾರೆ. ಊರಿನ ತಾಯಂದಿರು ಹಟಮಾರಿ ಮಕ್ಕಳಿಗೆ ಆ ಮುಷ್ಟಿಯನ್ನೇ ತೋರಿಸಿ ಬುದ್ಧಿ ಹೇಳುತ್ತಾರೆ. ಅವರ ಹೆಂಡತಿ ಶಾರದವ್ವ ಮಾತ್ರ ಆ ಮಾತು ಬಂದೊಡನೆ ಎದ್ದು ಒಳಗೆ ಹೋಗುತ್ತಾರೆ. ಮಗಳು ಗೌರವ್ವ ವಿಷಮಜ್ವರದಲ್ಲಿ "ಅಪ್ಪಾ, ಕೈ ಹಿಡಕೋ" ಎಂದು ಕನವರಿಸುತ್ತಿದ್ದಾಗ, ಹತ್ತಿರ ಹೋದರೆ ಅತ್ತುಬಿಟ್ಟೇನೆಂದು ಹೆದರಿ, ಅವಳು ಕಣ್ಣು ಮುಚ್ಚುವ ತನಕ ಅಂದಾನಪ್ಪನವರು ಹೊರಗಿನ ಕಟ್ಟೆಯ ಮೇಲೆ ಮುಷ್ಟಿ ಬಿಗಿದು ಕೂತೇ ಇದ್ದರು. ಒಂದು ಹನಿಯೂ ಉದುರಲಿಲ್ಲ. ಮಣ್ಣಿಗೆ ಬಂದವರು ಅವರ ಎದೆಗಾರಿಕೆಯನ್ನು ಹೊಗಳಿದಾಗ ಶಾರದವ್ವ ಇಷ್ಟೇ ಅಂದಿದ್ದರು: "ಹೌದ್ರೀ, ಅವರ ಕೈ ಖಾಲಿ ಇರಲಿಲ್ಲ."